ಬರೀ ಟ್ರೇಸಿಂಗ್ ಎಂಬ ಸುಳ್ಳು

ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದೆ. ಅನಿಮೇಶನ್ ಚಿತ್ರಗಳಲ್ಲಿ ಗೆರೆಯ ಸ್ವಾಯತ್ತತೆ ಎಂಬುದು ವಿಷಯ. ಶೀರ್ಷಿಕೆ ಕೇಳಿದರೇ ಗೊತ್ತಾಗುತ್ತದೆ, ಪಿಎಚ್‌.ಡಿ. ವಿದ್ಯಾರ್ಥಿಯ ಕೆಲಸವೆಂದು. 1961ರಲ್ಲಿ ಬಂದ ಡಿಸ್ನಿಯ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಶಿಯನ್ಸ್’ ನನ್ನ ಮುಖ್ಯ ಉದಾಹರಣೆ. ಅದಕ್ಕೂ ಮೊದಲು ಅನಿಮೇಟರ್ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಬಿಡಿಸಿದ್ದನ್ನು ಬೇರೆಯವರು ಪಾರದರ್ಶಕ ಸೆಲ್ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಿ ಎಳೆಯುತ್ತಿದ್ದರು. ಈ ಚಿತ್ರದಲ್ಲಿ ಜೆರಾಕ್ಸ್ ತಂತ್ರದಿಂದ ಪೆನ್ಸಿಲ್ ಗೆರೆಯೇ ನೇರವಾಗಿ ಸೆಲ್ಲಿಗೆ ಇಳಿಯಿತು. ಒರಟು, ಕಪ್ಪು, ಅಲ್ಲಲ್ಲಿ ಎರಡೆರಡು ಸಲ ಎಳೆದ ಗುರುತೂ ಉಳಿದ ಗೆರೆ. ‘ಕೇವಲ ನಕಲು ಮಾಡುವ ಕೈಗಳಿಂದ ಕಲಾವಿದನ ಗೆರೆ ಬಿಡುಗಡೆ ಪಡೆದ ಕ್ಷಣ ಇದು’ ಎಂದು ಬರೆದಿದ್ದೆ. ಓದುವಾಗ ಆ ವಾಕ್ಯದ ಬಳಿ ಸ್ವಲ್ಪ ನಿಲ್ಲಿಸಿದ್ದೆ ಕೂಡ. ಚಪ್ಪಾಳೆ ಬಂತು.

ಪ್ರಶ್ನೋತ್ತರದ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ‘ನೀವು ಯಾವತ್ತಾದರೂ ಒಂದು ಕಾರ್ಟೂನ್ ಪಾತ್ರವನ್ನು ತಲೆಯಿಂದ ಪಾದದ ತನಕ ಬರೀ ಗೆರೆಯಲ್ಲಿ ಬಿಡಿಸಿದ್ದೀರಾ?’

‘ಇಲ್ಲ’ ಎಂದೆ.

‘ಹೋಗಲಿ, ಬೇರೆಯವರು ಬಿಡಿಸಿದ್ದನ್ನು ನಕಲು ಮಾಡಿದ್ದೀರಾ?’

ಅದೂ ಇಲ್ಲ. ಅವರು ಕೂತರು. ಅಧ್ಯಕ್ಷರು ಸಮಯವಾಯಿತೆಂದರು. ಎಲ್ಲರೂ ಊಟಕ್ಕೆ ಹೋದೆವು.

ಈ ಲೇಖನ ನನ್ನ ಆ ಪ್ರಬಂಧದ ವಿರುದ್ಧ. ಅದರಲ್ಲಿದ್ದಂಥ ಮಾತನ್ನು ಇವತ್ತಿಗೂ ಆಡುವ ಗೆಳೆಯರ ವಿರುದ್ಧವೂ ಹೌದು. ಅವರು ಕಡಿಮೆಯೇನಿಲ್ಲ. ‘ಒಂದೇ ಗೆರೆಯಲ್ಲಿ ಜಗತ್ತನ್ನು ಹಿಡಿದ ಪ್ರತಿಭೆ’ ಎಂಬ ಸಾಲು ಇಲ್ಲದ ಕಲಾವಿಮರ್ಶೆ ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಊಟದ ಸಾಲಿನಲ್ಲಿ ಅವರನ್ನು ಮಾತಾಡಿಸಿದೆ. ಬೆಂಗಳೂರಿನ ಒಂದು ಸ್ಟುಡಿಯೋದ ಕ್ಲೀನ್‌ಅಪ್ ವಿಭಾಗದಲ್ಲಿ ಆರು ವರ್ಷ ಇದ್ದವರು. ಹೊರದೇಶದ ಟಿ.ವಿ. ಸರಣಿಗಳ ಒರಟು ಚಿತ್ರಗಳು ಇಲ್ಲಿಗೆ ಬರುತ್ತಿದ್ದವು, ಅವನ್ನು ಶುದ್ಧ ಗೆರೆಗೆ ತಂದು ಕಳಿಸುವುದು ಇವರ ಕೆಲಸ. ಆರು ವರ್ಷದಲ್ಲಿ ಒಂದು ಸರಣಿಯ ಕೊನೆಯಲ್ಲೂ ಇವರ ಹೆಸರು ಬಂದಿಲ್ಲ, ಸ್ಟುಡಿಯೋದ ಹೆಸರು ಮಾತ್ರ. ಈಗ ಮನೆಯಲ್ಲೇ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತಾರೆ. ‘ಭಾನುವಾರ ಬನ್ನಿ, ಬಿಡಿಸಿ ನೋಡೋಣ’ ಅಂದರು. ಹೋದೆ. ಎಂಟು ತಿಂಗಳಿಂದ ಹೋಗುತ್ತಲೇ ಇದ್ದೇನೆ. ಅವರೀಗ ನನಗೆ ಅಕ್ಕ, ನಾನವರಿಗೆ ‘ನೋಡಪ್ಪಾ’.

ಮೊದಲ ದಿನ ಅಕ್ಕ ಕೊಟ್ಟದ್ದು ಮಿಕ್ಕಿ ಮೌಸ್. 1928ರ ಮಿಕ್ಕಿ, ‘ಸ್ಟೀಮ್‌ಬೋಟ್ ವಿಲ್ಲಿ’ಯವನು. (ಆ ಮಿಕ್ಕಿಯ ಹಕ್ಕುಸ್ವಾಮ್ಯ ಅಮೆರಿಕದಲ್ಲಿ 2024ರ ಜನವರಿ 1ಕ್ಕೆ ಮುಗಿದಿದೆ, ಹಾಗಾಗಿ ನನ್ನ ಕೈಯಲ್ಲಿ ಅವನು ಪಟ್ಟ ಪಾಡಿಗೆ ಯಾರೂ ನೋಟೀಸು ಕಳಿಸಲಾರರು.) ಮುಖ ಐದು ನಿಮಿಷದಲ್ಲಿ ಬಂತು. ಮೂರು ವೃತ್ತ, ಒಂದು ಮೂತಿ. ನನಗೆ ನಾನೇ ಕಲಾವಿದನಾಗಿಬಿಟ್ಟೆ. ‘ಕಾಲು ಬಿಡಿಸಿ’ ಅಂದರು. ಬಿಡಿಸಿದೆ. ಎರಡು ಕೊಳವೆ, ಎರಡು ಬೂಟು. ಮಿಕ್ಕಿ ನಿಂತಿರಲಿಲ್ಲ. ಹಗ್ಗಕ್ಕೆ ಒಣಹಾಕಿದ ಚಡ್ಡಿಯ ಹಾಗೆ ನೇತಾಡುತ್ತಿದ್ದ.

‘ಇವನ ಭಾರ ಯಾವ ಕಾಲಿನ ಮೇಲಿದೆ?’ ಅಂತ ಅಕ್ಕ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೆರೆಯ ಸ್ವಾಯತ್ತತೆ ಕುರಿತು ಇಪ್ಪತ್ತು ಪುಟ ಬರೆದವನಿಗೆ ಗೆರೆ ನೆಲದ ಮೇಲೆ ನಿಲ್ಲಬೇಕು ಎನ್ನುವುದೇ ಹೊಳೆದಿರಲಿಲ್ಲ.

ನಾವು ದಿನವೂ ನೋಡುವ ಕಾರ್ಟೂನ್ ಎಂದರೆ ಹೆಚ್ಚಾಗಿ ಎದೆಯಿಂದ ಮೇಲಿನದು. ಫೋನಿನ ಸ್ಟಿಕ್ಕರು, ಪ್ರೊಫೈಲ್ ಚಿತ್ರ, ಪುಸ್ತಕದ ಬೆನ್ನ ಮೇಲಿನ ಲೇಖಕನ ಕ್ಯಾರಿಕೇಚರು, ಎಲ್ಲವೂ ಅಷ್ಟೇ. ಭಾವ ಮುಖದಲ್ಲಿದೆ ಎಂದು ನಂಬಿಬಿಟ್ಟಿದ್ದೇವೆ. ಅನಿಮೇಶನ್ನಿನ ಮಂದಿ ಹಾಗೆ ನಂಬುವುದಿಲ್ಲ. ಅವರು ಮೊದಲು ಎಳೆಯುವುದು ತಲೆಯಿಂದ ಹಿಮ್ಮಡಿಯವರೆಗೆ ಹರಿಯುವ ಒಂದೇ ಬಾಗು. ಲೈನ್ ಆಫ್ ಆಕ್ಷನ್ ಎನ್ನುತ್ತಾರೆ. ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ಬರೆದ ಕಲಿಕೆಯ ಪುಸ್ತಕದ ಕಾಲದಿಂದ ಪ್ರತಿ ವಿದ್ಯಾರ್ಥಿಯೂ ಕಲಿಯುವ ಪಾಠ ಅದು. ಕೊನೆಯ ಚಿತ್ರದಲ್ಲಿ ಆ ಗೆರೆ ಎಲ್ಲೂ ಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ಪಾತ್ರ ಏನು ಮಾಡುತ್ತಿದೆ ಎನ್ನುವುದೂ ಕಾಣುವುದಿಲ್ಲ. ಆಮೇಲೆ ಸೊಂಟ. ಭಾರ ಬಲಗಾಲಿಗೆ ಹೋದರೆ ಸೊಂಟದ ಬಲಭಾಗ ಮೇಲೇಳುತ್ತದೆ, ಅದನ್ನು ಸರಿದೂಗಿಸಲು ಬಲಭುಜ ಕೆಳಗಿಳಿಯುತ್ತದೆ. ಸಾಲಿನಲ್ಲಿ ಬಹಳ ಹೊತ್ತು ನಿಂತ ಯಾರನ್ನಾದರೂ ನೋಡಿ, ಗೊತ್ತಾಗುತ್ತದೆ. ಇನ್ನೊಂದು, ಎರಡು ಕೈ ಎರಡು ಕಾಲು ಒಂದೇ ಭಂಗಿಯಲ್ಲಿರಬಾರದು. ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ತಮ್ಮ 1981ರ ‘ದಿ ಇಲ್ಯೂಷನ್ ಆಫ್ ಲೈಫ್’ನಲ್ಲಿ ಇದನ್ನು ‘ಅವಳಿ’ ದೋಷ ಎಂದು ಕರೆದು ಎಚ್ಚರಿಸುತ್ತಾರೆ. ನನ್ನ ಮೊದಲ ಇಪ್ಪತ್ತು ಮಿಕ್ಕಿಗಳೂ ಅವಳಿ ದೋಷದವೇ. ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತಿದ್ದರು.

ಮಿಕ್ಕಿಯ ಬಿಳಿ ಕೈಗವಸು ಕೂಡ ಅಲಂಕಾರವೆಂದೇ ನಾನು ತಿಳಿದಿದ್ದೆ. ಮೊದಮೊದಲು ಅವನಿಗೆ ಕೈಗವಸು ಇರಲಿಲ್ಲ, ಬಂದದ್ದು 1929ರಲ್ಲಿ. ಕಪ್ಪು ಕೈ ಕಪ್ಪು ಮೈಯ ಮುಂದೆ ಹಾದರೆ ಗೆರೆ ಮುಳುಗಿಹೋಗುತ್ತದೆ, ಕೈ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಇದನ್ನು ನಾನು ಓದಿ ಕಲಿಯಲಿಲ್ಲ. 1928ರ ಮಿಕ್ಕಿಯ ಕೈಯನ್ನು ಎದೆಯ ಮೇಲೆ ಇಡಲು ಹೋಗಿ ಸೋತು ಕಲಿತೆ.

ಇಷ್ಟಾದರೂ ಇದು ನಿಂತ ಚಿತ್ರ. ಪತ್ರಿಕೆಯ ವ್ಯಂಗ್ಯಚಿತ್ರಕಾರನಿಗೆ ಪಾದ ತೊಡಕೆನಿಸಿದರೆ ಮೇಜಿನ ಹಿಂದೆ ಮರೆಮಾಡಬಹುದು, ಹುಲ್ಲು ಬೆಳೆಸಬಹುದು. ಮೈಸೂರಿನ ಆರ್‌.ಕೆ. ಲಕ್ಷ್ಮಣ್ ಅಂಥ ಉಪಾಯದವರಲ್ಲ. ಅವರ ಶ್ರೀಸಾಮಾನ್ಯ ಚೌಕಳಿ ಕೋಟು, ಪಂಚೆಯಲ್ಲಿ ಮಾತಾಡದೆ ಸುಮ್ಮನೆ ನಿಂತಿರುತ್ತಾನೆ, ಆದರೆ ನಿಂತಿರುತ್ತಾನೆ, ನೇತಾಡುವುದಿಲ್ಲ. ಆದರೂ ಅವನು ಒಂದೇ ಸಲ ನಿಂತರೆ ಸಾಕು. ಅನಿಮೇಶನ್ ಪಾತ್ರ ಮುಂದಿನ ಚಿತ್ರದಲ್ಲೂ ನಿಲ್ಲಬೇಕು, ಅದರ ಮುಂದಿನದರಲ್ಲೂ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿದರೂ ಸೆಕೆಂಡಿಗೆ 12 ಚಿತ್ರ. ಈ ಹನ್ನೆರಡರಲ್ಲಿ ಮೊಣಕಾಲ ಗೆರೆ ಕೂದಲೆಳೆಯಷ್ಟು ಅತ್ತಿತ್ತ ಆದರೆ ಪರದೆಯ ಮೇಲೆ ಪಾತ್ರದ ಮೈಯೆಲ್ಲ ಕುದಿಯುವ ಎಸರಿನ ಹಾಗೆ ನಡುಗುತ್ತದೆ.

ಕ್ಲೀನ್‌ಅಪ್ ಬೇಕಾಗುವುದು ಇಲ್ಲಿ. ಅನಿಮೇಟರನ ಒರಟು ಚಿತ್ರದಲ್ಲಿ ಒಂದು ಭುಜಕ್ಕೆ ಏಳೆಂಟು ಗೆರೆಗಳಿರುತ್ತವೆ. ಅವನು ಚಲನೆಯನ್ನು ಹುಡುಕುತ್ತ ಕೈಯಾಡಿಸಿರುತ್ತಾನೆ, ತಪ್ಪೇನಲ್ಲ. ಆದರೆ ಪರದೆಗೆ ಹೋಗಬೇಕಾದ್ದು ಒಂದೇ ಗೆರೆ. ಯಾವುದು? ಹೊರಗಿನದು ಹಿಡಿದರೆ ಪಾತ್ರ ದಪ್ಪಗಾಗುತ್ತದೆ, ಒಳಗಿನದು ಹಿಡಿದರೆ ಬಡವಾಗುತ್ತದೆ. ಕಪ್ಪಗೆ ಒತ್ತಿದ್ದನ್ನು ಹಿಡಿಯೋಣವೆಂದರೆ ಅದು ಹಿಂದಿನ ಚಿತ್ರಕ್ಕೆ ಹೊಂದುವುದಿಲ್ಲ. ಭಾರ ಬೀಳುವ ಕಡೆ ಗೆರೆ ತುಸು ದಪ್ಪ, ಬೆಳಕಿನ ಕಡೆ ತೆಳು, ಬಟ್ಟೆ ಮಡಿಚುವಲ್ಲಿ ಮೊನೆಯಾಗಿ ಮುಗಿಯಬೇಕು. ಅಕ್ಕ ನನಗೆ ಒಂದು ಒರಟು ಚಿತ್ರ ಕೊಟ್ಟು ಲೈಟ್‌ಬಾಕ್ಸಿನ ಮೇಲೆ ಟ್ರೇಸ್ ಮಾಡಲು ಹೇಳಿದರು. ಎರಡು ಗಂಟೆ ತಗೊಂಡೆ. ಗೆರೆ ನಿಖರವಾಗಿತ್ತು, ಪಾತ್ರ ಸತ್ತಿತ್ತು. ಅದೇ ಚಿತ್ರವನ್ನು ಅವರು ಹದಿನೈದು ನಿಮಿಷದಲ್ಲಿ ಎಳೆದರು. ಎರಡೂ ಹಾಳೆಗಳನ್ನು ನನ್ನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ‘ಕೇವಲ ನಕಲು’ ಎನ್ನುವವರು ಬಂದು ನೋಡಬಹುದು, ಚಹಾ ನನ್ನದು.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಈ ಮಾತು ಅರ್ಥವಾಗದಿದ್ದುದು ಎಲ್ಲಕ್ಕಿಂತ ನಾಚಿಕೆಗೇಡು. ಎಂ.ಎ. ಎರಡನೆಯ ವರ್ಷದಲ್ಲಿ ಗ್ರಂಥ ಸಂಪಾದನೆ ಓದಿಲ್ಲವೇ? ಓಲೆಗರಿಯ ಮೇಲೆ ಕಂಠದಲ್ಲಿ ಕೊರೆದ ಲಿಪಿಕಾರ ‘ಬರೀ ನಕಲು’ ಮಾಡಿದವನೆಂದು ನಾವು ಯಾರಾದರೂ ಹೇಳುತ್ತೇವೆಯೇ? ಅವನು ಎಲ್ಲಿ ಅಕ್ಷರ ಬಿಟ್ಟ, ಎಲ್ಲಿ ತನಗೆ ತಿಳಿದ ರೂಪಕ್ಕೆ ಬದಲಾಯಿಸಿದ, ಯಾವ ಪಾಠ ಹಳೆಯದು, ಯಾವುದು ಅವನದು ಎಂದು ನೋಡುವುದಕ್ಕೇ ಒಂದು ಶಾಸ್ತ್ರ ಕಟ್ಟಿಕೊಂಡಿದ್ದೇವೆ. ಪಾಠಾಂತರಗಳಿಗೆ ಅಡಿಟಿಪ್ಪಣಿಯ ಕಾಡು ಬೆಳೆಸಿದ್ದೇವೆ. ಪಂಪನ ಕೈಬರಹ ನಾವು ಯಾರೂ ಕಂಡಿಲ್ಲ, ಕಂಡದ್ದೆಲ್ಲ ಲಿಪಿಕಾರರದೇ. ಪ್ರತಿ ಮಾಡುವುದೂ ಒಂದು ತೀರ್ಮಾನ ಎಂದು ಗೊತ್ತಿರುವ ನಾವು, ಸೆಲ್ ಹಾಳೆಯ ಮುಂದೆ ನಿಬ್ಬು ಹಿಡಿದು ಕೂತ ಹೆಂಗಸರನ್ನು ಕಂಡೊಡನೆ ಆ ಪಾಠವೆಲ್ಲ ಮರೆತು ‘ಟ್ರೇಸಿಂಗ್’ ಅಂದುಬಿಟ್ಟೆವು.

ಹೆಂಗಸರು ಅಂದೆ, ಅದು ಬಾಯಿತಪ್ಪಿ ಬಂದದ್ದಲ್ಲ. ಡಿಸ್ನಿಯ ಇಂಕ್ ಅಂಡ್ ಪೇಂಟ್ ವಿಭಾಗದಲ್ಲಿದ್ದವರು ಬಹುತೇಕ ಹೆಂಗಸರು. 1938ರಲ್ಲಿ ಕೆಲಸ ಕೇಳಿ ಬರೆದ ಒಬ್ಬ ತರುಣಿಗೆ ಸ್ಟುಡಿಯೋ ಕಳಿಸಿದ ಉತ್ತರ ಇವತ್ತು ಪ್ರಸಿದ್ಧ. ಸೃಜನಶೀಲ ಕೆಲಸ ಪೂರ್ತಿ ಗಂಡಸರದು, ಹೆಂಗಸರಿಗೆ ಇರುವುದು ಗೆರೆಯನ್ನು ಸೆಲ್ಲಿಗೆ ಎಳೆಯುವ, ಅದರ ಹಿಂಬದಿಗೆ ಬಣ್ಣ ತುಂಬುವ ಕೆಲಸ ಮಾತ್ರ ಎಂಬುದು ಅದರ ಸಾರಾಂಶ. ಅದರ ಹಿಂದಿನ ವರ್ಷವಷ್ಟೇ ‘ಸ್ನೋ ವೈಟ್’ ಬಂದಿತ್ತು. 83 ನಿಮಿಷದ ಚಿತ್ರ. ಸೆಕೆಂಡಿಗೆ 12 ಚಿತ್ರ, ಒಂದೇ ಪದರ ಎಂದು ತೀರಾ ಜಿಪುಣ ಲೆಕ್ಕ ಹಾಕಿದರೂ ಸುಮಾರು 60,000 ಸೆಲ್ಲುಗಳಾಗುತ್ತವೆ. ಒಂದು ಚೌಕಟ್ಟಿನಲ್ಲಿ ಏಳು ಜನ ಕುಳ್ಳರೂ ಇರುವಾಗ ಪದರ ಒಂದೇ ಇರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಗೆರೆಗಳೂ ಬರೀ ಕಪ್ಪಲ್ಲ. ಪಕ್ಕದ ಬಣ್ಣಕ್ಕೆ ಒಗ್ಗುವ ಬಣ್ಣದ ಶಾಯಿ ಬಳಸಿ ಗೆರೆಯೇ ಕರಗಿದಂತೆ ಮಾಡುತ್ತಿದ್ದರು. ಸ್ನೋ ವೈಟಳ ಕೆನ್ನೆಯ ಕೆಂಪೂ ಈ ವಿಭಾಗದ ಹೆಂಗಸರ ಕೈಯದೇ. ಇದು ಸೃಜನಶೀಲವಲ್ಲದಿದ್ದರೆ ನನ್ನ ಶಬ್ದಕೋಶ ತಿದ್ದಿಕೊಳ್ಳಬೇಕು.

ಒಬ್ಬನೇ ಪ್ರತಿಭೆಯ ಕತೆಗಳನ್ನು ಗೀರಿ ನೋಡಿದರೆ ಕೆಳಗೆ ಇನ್ನೊಂದು ಕೈ ಸಿಗುತ್ತಲೇ ಹೋಗುತ್ತದೆ. ವಿನ್ಸರ್ ಮ್ಯಾಕೆ 1914ರಲ್ಲಿ ಸಾವಿರಾರು ಹಾಳೆ ಬಿಡಿಸಿ ‘ಗರ್ಟಿ ದ ಡೈನೋಸಾರ್’ ಮಾಡಿದ. ಆಗಿನ್ನೂ ಸೆಲ್ ಬಳಕೆಗೆ ಬಂದಿರಲಿಲ್ಲ. ಪ್ರತಿ ಹಾಳೆಯಲ್ಲೂ ಬೆಟ್ಟ, ಕೆರೆ, ಬಂಡೆಗಳ ಹಿನ್ನೆಲೆಯನ್ನು ಮತ್ತೆ ಮತ್ತೆ ಎಳೆದವನು ಜಾನ್ ಫಿಟ್ಜ್‌ಸಿಮನ್ಸ್ ಎಂಬ ವಿದ್ಯಾರ್ಥಿ. ಗರ್ಟಿ ನಿಂತ ನೆಲ ಅವನು ಎಳೆದದ್ದು. ಮಿಕ್ಕಿಯ ಮೊದಲ ಚಿತ್ರಗಳನ್ನು ಬಿಡಿಸಿದವನು ಅಬ್ ಐವರ್ಕ್ಸ್, ಹೆಸರಾದದ್ದು ವಾಲ್ಟ್ ಡಿಸ್ನಿ. ವಿಚಿತ್ರವೆಂದರೆ ಅದೇ ಐವರ್ಕ್ಸ್ ಮುಂದೆ ಜೆರಾಕ್ಸ್ ತಂತ್ರವನ್ನು ಅನಿಮೇಶನ್ನಿಗೆ ಹೊಂದಿಸಿಕೊಟ್ಟ.

ಇಲ್ಲಿ ನನ್ನ ಹಳೆಯ ವಾದಕ್ಕೂ ನ್ಯಾಯ ಕೊಡಬೇಕು. ಜೆರಾಕ್ಸ್ ಬಂದಾಗ ಮಿಲ್ಟ್ ಕಾಲ್‌ನಂಥ ಅನಿಮೇಟರುಗಳು ತಮ್ಮ ಗೆರೆ ಮೊದಲ ಸಲ ತಮ್ಮದಾಗಿ ಪರದೆಯ ಮೇಲೆ ಕಂಡಿತೆಂದು ಹಿಗ್ಗಿದರು. ಆ ಹಿಗ್ಗು ಸುಳ್ಳಲ್ಲ. ‘ಡಾಲ್ಮೇಶಿಯನ್ಸ್’ನ ಗೆರೆಯಲ್ಲಿ ಒಂದು ಚುರುಕಿದೆ, ಲಂಡನ್ನಿನ ಬೀದಿ, ಕ್ರುಯೆಲ್ಲಾಳ ಮೂಳೆಮೂಳೆ ಮೈ, ಎಲ್ಲಕ್ಕೂ ಆ ಒರಟು ಒಪ್ಪುತ್ತದೆ. ನಯವಾದ ಶಾಯಿಗೆರೆಯಲ್ಲಿ ಕ್ರುಯೆಲ್ಲಾ ಅಷ್ಟು ಕ್ರೂರಿಯಾಗುತ್ತಿರಲಿಲ್ಲವೇನೋ. ನನಗೆ ಇವತ್ತಿಗೂ ಆ ಚಿತ್ರ ಇಷ್ಟ. ವಾಲ್ಟ್ ಡಿಸ್ನಿಗೆ ಆ ಗೆರೆ ಹಿಡಿಸಿರಲಿಲ್ಲ, ಆ ಜಗಳದಲ್ಲಿ ನಾನು ಅವನ ಕಡೆಯಲ್ಲ.

ಆದರೆ ‘ಬಿಡುಗಡೆ’ ಎಂಬ ಪದ? ಜೆರಾಕ್ಸ್ ಬಂದದ್ದು ಕಲಾವಿದನ ಗೆರೆಯ ಮೇಲಿನ ಪ್ರೀತಿಯಿಂದಲ್ಲ. ಬಹುತೇಕ ಕೈಶಾಯಿಯಲ್ಲಿ ಆದ ‘ಸ್ಲೀಪಿಂಗ್ ಬ್ಯೂಟಿ’ಗೆ 1959ರಲ್ಲಿ ಸುಮಾರು 60 ಲಕ್ಷ ಡಾಲರ್ ಖರ್ಚಾಗಿ, ಮೊದಲ ಬಿಡುಗಡೆಯಲ್ಲಿ ಹಾಕಿದ ಹಣ ವಾಪಸು ಬರಲಿಲ್ಲ. ಕೂಲಿ ಉಳಿಸಬೇಕಿತ್ತು. ಶಾಯಿಗೆರೆ ಎಳೆಯುವವರ ಕೆಲಸದ ಬಹುಪಾಲು ಹೋಯಿತು. 1941ರ ಮುಷ್ಕರದಲ್ಲಿ ಸ್ಟುಡಿಯೋದ ಗೇಟಿನ ಮುಂದೆ ನಿಂತವರಲ್ಲಿ ಇವರೂ ಇದ್ದರು, ಕಡಿಮೆ ಸಂಬಳ ಅವತ್ತಿನ ದೂರುಗಳಲ್ಲೊಂದು. ಇಪ್ಪತ್ತು ವರ್ಷದ ಮೇಲೆ ದೂರು ಹೇಳುವ ಕುರ್ಚಿಯೇ ಇಲ್ಲವಾಯಿತು. ಕೈಯ ತರಬೇತಿ ಚೆದುರಿಹೋಯಿತು. ಇದೆಲ್ಲ ನಡೆದದ್ದನ್ನು ಒಬ್ಬ ಸಂಶೋಧಕ ಆರು ದಶಕದ ನಂತರ, ಸಾವಿರಾರು ಮೈಲಿ ದೂರದಲ್ಲಿ ಕೂತು, ವಿಮೋಚನೆ ಎಂದು ಕರೆದ. ಒಬ್ಬರ ಕೆಲಸ ಹೋದದ್ದನ್ನು ಇನ್ನೊಬ್ಬರ ಶೈಲಿ ಅರಳಿದ್ದು ಎಂದು ವರ್ಣಿಸುವುದಕ್ಕೆ ಸೌಂದರ್ಯಮೀಮಾಂಸೆ ಇಷ್ಟು ಸಲೀಸಾಗಿ ಒದಗುತ್ತದೆ ಎಂಬುದು ನನಗೆ ಈಗಲೂ ಭಯ ಹುಟ್ಟಿಸುತ್ತದೆ. ಮಿಂಡಿ ಜಾನ್ಸನ್ ಈ ಹೆಂಗಸರ ಬಗ್ಗೆಯೇ ‘ಇಂಕ್ ಅಂಡ್ ಪೇಂಟ್’ ಎಂಬ ದಪ್ಪ ಪುಸ್ತಕ ಪ್ರಕಟಿಸಿದ್ದು 2017ರಲ್ಲಿ. ನನ್ನ ಪ್ರಬಂಧದಲ್ಲಿ ಅದರ ಪ್ರಸ್ತಾಪ ಇರಲಿಲ್ಲ. ಓದಿಯೇ ಇರಲಿಲ್ಲ.

ಇದು ಹಳೆಯ ಕತೆ ಎನ್ನುವವರಿಗೆ 2025ರ ಮಾರ್ಚ್ ತಿಂಗಳನ್ನು ನೆನಪಿಸುತ್ತೇನೆ. ಎಲ್ಲರೂ ತಮ್ಮ ಮದುವೆ ಫೋಟೋ, ನಾಯಿ, ಮಗು, ರಾಜಕಾರಣಿಗಳನ್ನು ಎಐಗೆ ಕೊಟ್ಟು ಗಿಬ್ಲಿ ಚಿತ್ರವಾಗಿಸಿಕೊಂಡ ವಾರಗಳು. ನಮ್ಮ ವಲಯದಲ್ಲಿ ಸಿಟ್ಟೆದ್ದಿತು, ಸರಿಯೇ. ಆದರೆ ಸಿಟ್ಟಿನ ವಾಕ್ಯ ಯಾವುದಿತ್ತು? ‘ಮಿಯಾಜಾಕಿಯ ಗೆರೆಯನ್ನು ಕದ್ದರು.’ ಮಿಯಾಜಾಕಿ ದೊಡ್ಡವರು, ಅನುಮಾನವಿಲ್ಲ. ಆದರೆ ‘ಮೈ ನೇಬರ್ ಟೋಟೊರೊ’ದಿಂದ ಶುರುಮಾಡಿ ವರ್ಷಗಟ್ಟಲೆ ಗಿಬ್ಲಿಯ ನಡುಚಿತ್ರಗಳನ್ನು ಒಂದೊಂದಾಗಿ ತಪಾಸಣೆ ಮಾಡಿದ ಹಿತೋಮಿ ತತೆನೊ ಹೆಸರನ್ನು ಆ ವಾರ ನಮ್ಮಲ್ಲಿ ಯಾರಾದರೂ ಬರೆದರೇ? ಯಂತ್ರಕ್ಕೆ ತುತ್ತಾದ ಗೆರೆಗಳಲ್ಲಿ ಒಬ್ಬರವು ಎಷ್ಟು, ನೂರಾರು ಜನರವು ಎಷ್ಟು? ಒಬ್ಬ ಗುರುವಿನ ಆಸ್ತಿಯೆಂದು ಅದನ್ನು ಕಾಯಲು ಹೊರಟರೆ, ಯಂತ್ರದ ಕಂಪನಿ ಆ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡ ದಿನ ನಮ್ಮ ವಾದ ಮುಗಿಯಿತು. ಲೈಟ್‌ಬಾಕ್ಸಿನ ಮುಂದಿದ್ದವರ ಹತ್ತಿರ ಯಾರೂ ಒಪ್ಪಂದಕ್ಕೆ ಬರುವುದಿಲ್ಲ, ಏಕೆಂದರೆ ಅವರ ಕೈಯಲ್ಲಿ ಏನೋ ಇತ್ತೆಂದು ನಾವೇ ಒಪ್ಪಿಲ್ಲ.

ಇದು ಕ್ಯಾಲಿಫೋರ್ನಿಯಾ, ಟೋಕಿಯೋಗಳಿಗಷ್ಟೇ ಸೇರಿದ ಮಾತೂ ಅಲ್ಲ. 1956ರಲ್ಲಿ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಮುಂಬೈಗೆ ಬಂದು ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ಘಟಕಕ್ಕೆ ತರಬೇತಿ ಕೊಟ್ಟರು. ರಾಮ್ ಮೋಹನ್ ಅಲ್ಲಿ ಕಲಿತವರು. ನಮ್ಮ ಅನಿಮೇಶನ್ ಚರಿತ್ರೆಯನ್ನು ಎರಡು ಮೂರು ಹೆಸರಲ್ಲಿ ಮುಗಿಸುವ ಅಭ್ಯಾಸ ಅಲ್ಲಿಂದಲೇ ಇದೆ. ಕರ್ನಾಟಕ 2012ರಲ್ಲಿ ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲ ನೀತಿ ತಂದ ರಾಜ್ಯ. ಹೆಮ್ಮೆಪಡೋಣ. ಜೊತೆಗೆ, ಆ ಉದ್ಯಮದ ತಳದಲ್ಲಿ ಗೆರೆ ತಿದ್ದಿದವರ ಹೆಸರಿನ ಒಂದು ಪಟ್ಟಿಯನ್ನಾದರೂ ನಮ್ಮ ವಿಶ್ವವಿದ್ಯಾಲಯಗಳ ಯಾರಾದರೂ ಮಾಡಿದ್ದಾರೆಯೇ ಎಂದೂ ಕೇಳೋಣ. ಅವರು ಸತ್ತು ಶತಮಾನವಾಗಿಲ್ಲ, ಬಸ್ಸಿನಲ್ಲಿ ಹೋಗಿ ಮಾತಾಡಿಸಬಹುದಾದ ದೂರದಲ್ಲಿದ್ದಾರೆ. ಮಲೆನಾಡಿನ ಹಸೆ ಚಿತ್ತಾರಕ್ಕೂ ಹೀಗೇ ಮಾಡಿದೆವು. ಪುಂಡಿನಾರಿನ ಕುಂಚದಲ್ಲಿ ಗೋಡೆಯ ಮೇಲೆ ಆ ಕಟ್ಟುನಿಟ್ಟಿನ ಗೆರೆ ಎಳೆದ ಹೆಂಗಸರನ್ನು ‘ಜನಪದ’ ಎಂಬ ಒಂದೇ ಪದಕ್ಕೆ ತುಂಬಿ, ಗೋಡೆಯ ಫೋಟೋ ಮಾತ್ರ ತಂದೆವು.

ಈ ವಿಷಯವನ್ನು ಮಹಾಪ್ರಬಂಧದ ಒಂದು ಅಧ್ಯಾಯ ಮಾಡುತ್ತೇನೆ ಎಂದಾಗ ಒಬ್ಬ ಹಿರಿಯರು ‘ಇದರಲ್ಲಿ ಸಾಹಿತ್ಯ ಎಲ್ಲಿದೆ?’ ಅಂದರು. ಲಿಪಿಕಾರರ ಮಾತು ಹೇಳಿದೆ. ‘ಅದು ಬೇರೆ’ ಅಂದರು. ಹೇಗೆ ಬೇರೆ ಎಂದು ಕೇಳುವಷ್ಟರಲ್ಲಿ ಅವರಿಗೆ ಫೋನ್ ಬಂತು. ಅಧ್ಯಾಯ ಬರೆಯುತ್ತಿದ್ದೇನೆ.

ಭಾನುವಾರಗಳೂ ನಡೆಯುತ್ತಿವೆ. ಅಕ್ಕನ ಮನೆಯಲ್ಲಿ ನನ್ನ ಜೊತೆ ಕೂರುವ ಐದನೆಯ ತರಗತಿಯ ಹುಡುಗಿ ನನಗಿಂತ ಚೆನ್ನಾಗಿ ಪಾದ ಬಿಡಿಸುತ್ತಾಳೆ. ನನ್ನ ಮಿಕ್ಕಿ ಈಗ ನಿಲ್ಲುತ್ತಾನೆ, ನಡೆಯಲು ಹೇಳಿದರೆ ಮಾತ್ರ ಮೂರನೆಯ ಹೆಜ್ಜೆಯಲ್ಲಿ ಉದ್ದವಾಗುತ್ತಾನೆ.

ಇನ್ನೊಂದು ಮಾತು. ಸಂಕಿರಣದ ಪ್ರಬಂಧಗಳು ಪುಸ್ತಕವಾಗಿ ಬರುತ್ತಿವೆ. ನನ್ನದನ್ನು ತಿದ್ದಿಕೊಡುತ್ತೇನೆಂದು ಸಂಪಾದಕರಿಗೆ ಬರೆದೆ. ಪುಟವಿನ್ಯಾಸ ಮುಗಿದಿದೆ, ಇನ್ನು ಮುಟ್ಟಲಾಗದು ಎಂದರು. ಹಾಗಾಗಿ ಆ ಪುಸ್ತಕ ನಿಮ್ಮ ಕೈಗೆ ಬಂದರೆ, ನನ್ನ ಪ್ರಬಂಧದ ಕೊನೆಯ ಭಾಗದಲ್ಲಿ ‘ಕೇವಲ ನಕಲು ಮಾಡುವ ಕೈಗಳು’ ಎಂದು ಅಚ್ಚಾಗಿರುವ ಕಡೆ ದಯವಿಟ್ಟು ಪೆನ್ನಿನಿಂದ ಹೊಡೆದುಹಾಕಿ ಓದಿಕೊಳ್ಳಿ.